ಹ್ಯಾಮ್‌ಸ್ಟರ್ ಕಛೇರಿ

ನಮ್ಮ ಎಂಜಿನಿಯರಿಂಗ್ ಹುಡುಗರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಲೈನ್ ಹಿಡಿದು ಓಡುವ ರೋಬೋ ಮಾಡಿ ಕೈತೊಳೆದುಕೊಳ್ಳುತ್ತಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 2003ರ ಸುಮಾರಿಗೆ ಒಬ್ಬ ವಿದ್ಯಾರ್ಥಿ ಹ್ಯಾಮ್‌ಸ್ಟರ್‌ಗಳಿಂದ ಸಂಗೀತ ಕಛೇರಿಯನ್ನೇ ಮಾಡಿಸಿದ! ಪಂಜರದೊಳಗೆ ಇಲಿಯ ಈ ದುಂಡುಮೈ ನೆಂಟ ಅತ್ತಿತ್ತ ಓಡಾಡಿದಂತೆ ಸೆನ್ಸರ್ ದೂರ ಅಳೆಯುತ್ತಿತ್ತು, ಮೈಕ್ರೋಕಂಟ್ರೋಲರ್ ಅದನ್ನು ಮಿಡಿ ಎಂಬ ಡಿಜಿಟಲ್ ಸಂಗೀತ ಸಂಕೇತದ ಸ್ವರಕ್ಕೆ ತಿರುಗಿಸುತ್ತಿತ್ತು. ಅಪಸ್ವರ ಅತಿಯಾಗದಿರಲೆಂದು ಒಂದು ಸ್ವರದ ಬೆನ್ನಿಗೆ ಯಾವ ಸ್ವರ ಬರುವ ಸಂಭವವೆಷ್ಟು ಎಂದು ಲೆಕ್ಕ ಹಾಕುವ ಮಾರ್ಕೋವ್ ಸರಪಳಿಯ ಗಣಿತದ ಕಾವಲು ಬೇರೆ.

ಕಲಾವಿದರಿಗೆ ಇದಾವುದರ ಗೊಡವೆಯೂ ಇಲ್ಲ. ಕಾಳು ಸಿಕ್ಕರೆ ಎರಡೂ ಕೆನ್ನೆಯ ಚೀಲಕ್ಕೆ ತುರುಕಿಕೊಂಡು ಮುಖ ಊದಿಸಿಕೊಳ್ಳುವ ಜಾತಿ ಅದು. ಹ್ಯಾಮ್‌ಸ್ಟರ್ ನಿಶಾಚರಿ, ಹಗಲು ಕಛೇರಿಗೆ ಒಪ್ಪುವ ಕಲಾವಿದನಲ್ಲ. ಆದರೂ ಮೈಕು ಸರಿಯಿಲ್ಲವೆಂದು ಕ್ಯಾತೆ ತೆಗೆಯದ ಇಂಥ ವಿದ್ವಾಂಸರು ಎಲ್ಲಿ ಸಿಕ್ಕಾರು ಹೇಳಿ!