ರೂಲ್ಸ್ ಮಾವ

ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ಮಕ್ಕಳು ಜಮಖಾನ ಹಾಸಿ ಊನೋ ಆಟದ ಎಲೆಗಳ ಡಬ್ಬಿ ಬಿಚ್ಚಿದರೆ ಸಾಕು, ಮೂಲೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಒಬ್ಬ ಮಾವ ಎದ್ದು ಬರುತ್ತಾರೆ. ಪ್ರತಿ ಮನೆತನಕ್ಕೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಇವರಿಗೆ ಆಡುವುದಕ್ಕಿಂತ ಆಡಿಸುವುದರ ಮೇಲೇ ಪ್ರೀತಿ.

ಮೊದಲು ಎಣಿಕೆ. "108 ಎಲೆ ಇರಬೇಕು. ಅಷ್ಟೋತ್ತರ! ಅಮೆರಿಕದವರಿಗೂ ಶಾಸ್ತ್ರ ಗೊತ್ತು ನೋಡ್ರೋ."

"ಹೊಸ ಕಟ್ಟಲ್ಲಿ 112 ಇದೆ ಮಾವ."

"ಅದಕ್ಕೇ ಕಾಲ ಹೀಗಾಗಿರೋದು."

ಆಮೇಲೆ ಪಾಠ. ತಲೆಗೆ ಏಳು ಎಲೆ. ನಡುವೆ ಬಿದ್ದ ಎಲೆಯ ಬಣ್ಣಕ್ಕೋ ಅಂಕಿಗೋ ಚಿಹ್ನೆಗೋ ಹೊಂದುವುದನ್ನು ಹಾಕಬೇಕು. ಇಲ್ಲದಿದ್ದರೆ ಕಟ್ಟಿನಿಂದ ಒಂದು ಎತ್ತಬೇಕು. ಸ್ಕಿಪ್ ಬಿದ್ದರೆ ಪಕ್ಕದವರ ಸರದಿ ಹೋಯಿತು, ರಿವರ್ಸ್ ಬಿದ್ದರೆ ಆಟವೇ ಹಿಂದಕ್ಕೆ ತಿರುಗಿತು. ಕೈಯಲ್ಲಿ ಒಂದೇ ಎಲೆ ಉಳಿದಾಗ 'ಊನೋ' ಎಂದು ಕೂಗಬೇಕು. ಕೂಗದೆ ಸಿಕ್ಕಿಬಿದ್ದರೆ ಎರಡು ಎಲೆ ದಂಡ. ಇಷ್ಟನ್ನು ಹೇಳಲು ಮಾವನಿಗೆ ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳು ಎಲೆ ಕಲಸಿ, ಹಂಚಿ, ಆಕಳಿಸಿಯೂ ಆಗಿರುತ್ತದೆ.

ಮಾವನಿಗೆ ರೂಲ್ಸ್ ನೆನಪಾಗುವುದು ಕೈಲಿರುವ ಎಲೆ ನೋಡಿಕೊಂಡು. ತಮ್ಮ ಹತ್ತಿರ ಪ್ಲಸ್ ಟೂ ಇದ್ದರೆ, "ಪ್ಲಸ್ ಟೂ ಮೇಲೆ ಪ್ಲಸ್ ಟೂ ಧಾರಾಳವಾಗಿ ಹಾಕಬಹುದು, ಮುಂದಿನವರು ನಾಲ್ಕು ಎತ್ತಲಿ." ಇಲ್ಲದಿದ್ದರೆ, "ಕಂಪನಿ ರೂಲ್ಸಲ್ಲಿ ಹಾಗಿಲ್ಲಪ್ಪ."

ನಡುವಿನ ಬಣ್ಣ ಕೈಯಲ್ಲಿ ಇಲ್ಲದಿದ್ದಾಗ ಮಾತ್ರ ಹಾಕಬೇಕಾದ ಪ್ಲಸ್ ಫೋರನ್ನು, ಕೆಂಪಿನ ಮೇಲೆ ಗಂಭೀರವಾಗಿ ಇಡುತ್ತಾರೆ. ಹುಡುಗಿ "ಚಾಲೆಂಜ್!" ಅನ್ನುತ್ತಾಳೆ.

"ಯೋಚಿಸು ಪುಟ್ಟಿ. ನಾನು ಸಾಚಾ ಅಂತಾದ್ರೆ ನಿನಗೆ ಆರು ಎಲೆ."

"ತೋರ್ಸಿ ಮಾವ."

ಮೂರು ಕೆಂಪು! ನಾಲ್ಕು ಎಲೆ ಎತ್ತುವುದರ ಬದಲು ಮಾವ ಇತಿಹಾಸ ಎತ್ತುತ್ತಾರೆ. 1971ರಲ್ಲಿ ಒಹಾಯೊದ ಮರ್ಲ್ ರಾಬಿನ್ಸ್ ಎಂಬ ಕ್ಷೌರಿಕ ಈ ಆಟ ಕಟ್ಟಿದ್ದು, ಕ್ರೇಜಿ ಏಯ್ಟ್ಸ್ ಆಟದ ರೂಲ್ಸಿನ ಬಗ್ಗೆ ಮಗನ ಜೊತೆ ಜಗಳವಾದ ಮೇಲಂತೆ. "ಅಂದ್ರೆ ರೂಲ್ಸಿಗಾಗಿ ಜಗಳ ಆಡೋದೇ ಅಸಲು ಆಟ. ಎಲೆ ಬರೀ ನೆಪ."

ಕೊನೆಗೂ ಅವರ ಕೈಯಲ್ಲಿ ಒಂದೇ ಎಲೆ. ತುಟಿ ಪಿಟಕ್ಕೆನ್ನಲಿಲ್ಲ. ಮಕ್ಕಳು ಒಟ್ಟಿಗೆ ಕಿರುಚಿದರು: "ಊನೋ ಹೇಳ್ಲಿಲ್ಲ! ಎರಡು ಎತ್ತಿ!"

"ಮನಸ್ಸಲ್ಲೇ ಹೇಳ್ಕೊಂಡೆ. ಮನಸ್ಸಲ್ಲಿ ಹೇಳಬಾರದು ಅಂತ ಎಲ್ಲಿ ಬರೆದಿದೆ? ತೋರ್ಸಿ."

ಡಬ್ಬಿಯಲ್ಲಿದ್ದ ರೂಲ್ಸ್ ಚೀಟಿಗಾಗಿ ಜಮಖಾನ ಜಾಲಾಡಿದ್ದಾಯಿತು, ದಿಂಬು ಕೊಡವಿದ್ದಾಯಿತು. ಒಳಗಿನಿಂದ "ಬಾದಾಮಿ ಹಾಲು ಬಂತು" ಎಂಬ ಕೂಗು ಕೇಳಿ ಮಾವ ಎದ್ದಾಗ ಚೀಟಿ ಸಿಕ್ಕಿತು. ಇಷ್ಟು ಹೊತ್ತೂ ಅದರ ಮೇಲೇ ಕೂತಿದ್ದರು.