ಅಡ್ಜೆಸ್ಟ್ ಮಾಡ್ಕಳಿ ಸಾ

ಮಧುಗಿರಿಯಿಂದ ಹಿಂದೂಪುರಕ್ಕೆ ಹೋಗುವ ಬಸ್ಸಿನಲ್ಲಿ ಮೂವರ ಸೀಟು ಮೂವರದ್ದೇ ಎಂದು ನಂಬಿದವರು ಕೊಡಿಗೇನಹಳ್ಳಿ ಕಡೆಯವರಲ್ಲ. ಅಲ್ಲಿ ನಾಲ್ಕನೆಯವನೊಬ್ಬ ಇದ್ದೇ ಇರುತ್ತಾನೆ. ಹೆಗಲಲ್ಲಿ ಟವೆಲ್ಲು, ಕಂಕುಳಲ್ಲಿ ಕಡಲೆಕಾಯಿ ಚೀಲ, ಬಾಯಲ್ಲಿ ಒಂದೇ ಒಂದು ಇಂಗ್ಲಿಷ್ ಕ್ರಿಯಾಪದ: “ಸ್ವಲ್ಪ ಅಡ್ಜೆಸ್ಟ್ ಮಾಡ್ಕಳಿ ಸಾ.”

ಅಪ್ಪಣೆಗೆ ಕಾಯುವ ಆಸಾಮಿಯಲ್ಲ. ಮಾತು ಮುಗಿಯುವಷ್ಟರಲ್ಲಿ ಕೂತಾಗಿರುತ್ತದೆ. ಮೊದಲು ಸೀಟಿನ ತುದಿಯಲ್ಲಿ ನಾಲ್ಕು ಬೆರಳಗಲ. ಎರಡು ತಿರುವು ಕಳೆದರೆ ಗೇಣು. ಆಮೇಲೆ ಚೀಲಕ್ಕೂ ಜಾಗ. ಕಿಟಕಿ ಪಕ್ಕ ಕೂತಿದ್ದ ಈ ಬರಹಗಾರ ಸರಳಿನ ಗುರುತನ್ನು ಕೆನ್ನೆಯ ಮೇಲೆ ಹೊತ್ತುಕೊಂಡೇ ಮನೆ ಸೇರಿದ್ದಾನೆ.

ಸೇಡು ತೀರಿಸಿಕೊಳ್ಳಲು ಅವನು ನಿಘಂಟು ತೆಗೆದ. ಗಡಿಯಾರವನ್ನೋ ಕನ್ನಡಕವನ್ನೋ ಸರಿಪಡಿಸುವ ಮಾತಿದು, ಸೀಟು ನುಂಗುವುದಲ್ಲ ಎಂದು ಸಾಧಿಸುವ ಹುರುಪು. ಮೂಲ ನೋಡಿದರೆ ಮುಖಭಂಗ! ಪದ ಫ್ರೆಂಚ್ ಹಾದು ಬಂದದ್ದು ಲ್ಯಾಟಿನ್ನಿನ ‘ಯುಕ್ಸ್ತಾ’ದಿಂದ, ಅಂದರೆ ‘ಪಕ್ಕದಲ್ಲಿ’. ಹತ್ತಿರಕ್ಕೆ ತರುವುದು, ಒತ್ತಿಗೆ ಸೇರಿಸುವುದೇ ಅದರ ಹಳೆಯ ಅರ್ಥ. ನ್ಯಾಯವಂತ ಎಂಬರ್ಥದ ‘ಯುಸ್ತುಸ್’ ಜೊತೆ ನಂಟು ಗಂಟುಹಾಕಿದ್ದು ನಂತರದವರ ತಪ್ಪು ಎಣಿಕೆ. ನ್ಯಾಯ ಕೇಳಲು ಹೋದವನಿಗೆ ಲ್ಯಾಟಿನ್ನೂ ಒತ್ತಿ ಕೂರಲು ಹೇಳಿತು. ಯುರೋಪಿನ ಸರದಾರರು ಕುದುರೆಯೇರಿ ಈಟಿ ಹಿಡಿದು ನುಗ್ಗುತ್ತಿದ್ದ ‘ಜೌಸ್ಟ್’ ಕಾಳಗವೂ ಇದೇ ಬೇರಿನದು. ಸಂತೆ ದಿನದ ಬಸ್ಸು ಹತ್ತಿದವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಿಲ್ಲ.

ಕನ್ನಡ ಈ ಪದಕ್ಕೆ ಬಾಲ ಕಟ್ಟಿತು. ‘ಮಾಡ್ಕಳಿ’ ಅಂದರೆ ಕಷ್ಟ ನಿಮ್ಮದು. ‘ಮಾಡ್ಕೊಡಿ’ ಅಂದರೆ ದುಡ್ಡು ನಿಮ್ಮದು. ‘ಆಗುತ್ತೆ ಬಿಡಿ’ ಅಂದರೆ ಯಾವಾಗ ಎಂದು ಕೇಳಬಾರದು. ಗಡಿ ದಾಟಿದ ಮೇಲೆ ಅದೇ ಮನುಷ್ಯ ಅದೇ ಮುಖದಲ್ಲಿ ‘ಸರ್ದುಕೋಂಡಿ’ ಎಂದು ತೆಲುಗಿಗೆ ಹೊರಳುತ್ತಾನೆ. ಈ ಪೈಕಿ ಎರಡನೆಯ ಪ್ರಯೋಗ ಕಲಿಯಲು ಬರಹಗಾರ ಈ ನಾಲ್ಕನೆಯವನಿಗೇ 500 ರೂಪಾಯಿ ಸಾಲ ತೆತ್ತ. ಮೂರನೆಯದನ್ನು ಆರು ತಿಂಗಳಿಂದ ಪುಕ್ಕಟೆ ಕೇಳುತ್ತಿದ್ದಾನೆ.

ಮೊನ್ನೆ ಬಸ್ಸಿನಲ್ಲಿ ಆ ದುಡ್ಡು ಕೇಳಿಯೇ ಬಿಡುವುದೆಂದು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹಸುಗೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಸ್ಸು ಹತ್ತಿದಳು. ಸೀಟಿನಲ್ಲಿದ್ದ ಮೂವರು ಟಿಕೇಟುದಾರರೂ ಕಿಟಕಿಯಾಚೆಯ ಬಂಡೆಗಳನ್ನು ಭಕ್ತಿಯಿಂದ ನೋಡತೊಡಗಿದರು, ಬರಹಗಾರನೂ ಅವರಲ್ಲೊಬ್ಬ. ಎದ್ದವನು ನಾಲ್ಕನೆಯವನೇ. “ಕೂತ್ಕಳವ್ವ, ನಾನು ಅಡ್ಜೆಸ್ಟ್ ಆಯ್ತೀನಿ” ಎಂದು ಕಂಬಿ ಹಿಡಿದು, ಚೀಲವನ್ನು ಬರಹಗಾರನ ತೊಡೆಯ ಮೇಲಿಟ್ಟ.

ಕೊಡಿಗೇನಹಳ್ಳಿ ಬರುವವರೆಗೂ ಬರಹಗಾರ ಆ ಚೀಲ ಹಿಡಿದುಕೊಂಡಿದ್ದ. ದುಡ್ಡಿನ ವಿಷಯ ಎತ್ತಲಿಲ್ಲ.