ಚೊಂಬಿಗೊರಗಿದ ಮಹಾಶಯರೊಡನೆ

ಕೂಡಲಿಯಲ್ಲಿ ತುಂಗೆಯನ್ನು ಸೇರುವುದಕ್ಕೆ ಸ್ವಲ್ಪ ಮೊದಲು ಭದ್ರೆಯು ಹಾಯ್ದುಹೋಗುವ ಊರೂ, ಶ್ರೀ ಸತ್ಯಧರ್ಮತೀರ್ಥರ ಬೃಂದಾವನದಿಂದ ಯಾತ್ರಿಕರಿಗೆ ಸುಪರಿಚಿತವೂ ಆದ ಹೊಳೆಹೊನ್ನೂರಿನ ಒಂದು ಅಡುಗೆಮನೆಯಲ್ಲಿ, ಹಿತ್ತಾಳೆಯ ಚೊಂಬಿಗೆ ಬೆನ್ನು ಕೊಟ್ಟು ಮೂರು ವರ್ಷದ ಕೂಸೊಂದಕ್ಕೆ ದರ್ಶನವೀಯುತ್ತಿದ್ದ ಮೊಬೈಲು ಮಹಾಶಯರನ್ನು ಕಂಡು ಮಾತನಾಡುವ ಸುಯೋಗ ನನಗೆ ಒದಗಿದುದು, ಆ ಕೂಸು ತುತ್ತನ್ನು ಬಾಯಲ್ಲಿರಿಸಿಕೊಂಡೇ ನಿದ್ದೆಹೋದುದರಿಂದ. ಮಕ್ಕಳು ಯಾವ ಹಾಡನ್ನು ಕೇಳತಕ್ಕದ್ದು, ಯಾವ ಚಿತ್ರವನ್ನು ನೋಡತಕ್ಕದ್ದು ಎಂಬುದನ್ನು ನಿರ್ಣಯಿಸುವ ಅಧಿಕಾರವು ಹೆತ್ತವರ ಕೈಬಿಟ್ಟು ಇವರ ವಶವಾಗಿದೆಯೆಂದು ಲೋಕವೆಲ್ಲ ದೂರುತ್ತಿರುವಾಗ, ಆಪಾದಿತರ ಹೇಳಿಕೆಯನ್ನೂ ಒಮ್ಮೆ ಕೇಳುವುದು ನ್ಯಾಯವಷ್ಟೆ.

“ಈ ಕೂಸಿಗೆ ಹೊಸ ಹಾಡುಗಳನ್ನು ತಾವು ಹೇಗೆ ಆರಿಸುತ್ತೀರಿ?” ಎಂದು ವಿನಯದಿಂದಲೇ ಪ್ರಾರಂಭಿಸಿದೆ.

“ಆರಿಸುವಷ್ಟು ದೊಡ್ಡವನು ನಾನಲ್ಲ ಸ್ವಾಮಿ, ಲೆಕ್ಕ ಬರೆಯುವ ಗುಮಾಸ್ತ,” ಎಂದರು ಮಹಾಶಯರು. “ಎಷ್ಟು ಮಂದಿ ಒತ್ತಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದೇ ಮುಖ್ಯವೆಂದು ಯೂಟ್ಯೂಬಿನ ಧಣಿಗಳು 2012ರಲ್ಲಿ ಗೊತ್ತುಮಾಡಿದರು. ಅಂದಿನಿಂದ ಯಾವ ಕಣ್ಣು ಎಲ್ಲಿ ನಿಂತಿತು, ಎಲ್ಲಿ ಜಾರಿತು ಎಂಬುದನ್ನು ಬರೆದಿಡುವುದೇ ನಮ್ಮ ಕಸಬು. ನಿಂತುದರ ಹಾಗೆಯೇ ಇರುವ ಇನ್ನೊಂದನ್ನು ಮುಂದಕ್ಕೆ ತಳ್ಳುತ್ತೇವೆ. ಅದನ್ನು ತಾವು ಹೊಸದೆಂದು ಕರೆಯುತ್ತೀರಿ. ನಾನಂತೂ ಹಾಗೆ ಪ್ರಮಾಣಮಾಡಿ ಹೇಳಿದವನಲ್ಲ.”

“ಈ ಮನೆಯವರ ಅಭಿರುಚಿಯಾದರೂ ತಮಗೆ ತಿಳಿದಿದೆಯೆ?”

ಇಲ್ಲಿ ಮಹಾಶಯರು ಕೊಂಚ ಖಿನ್ನರಾದಂತೆ ಕಂಡರು. “ತಿಳಿದಿದೆ ಎಂದರೆ ಹೇಗೆ ತಿಳಿದಿದೆಯೆಂದು ಕೇಳಿ. ಪ್ರಾತಃಕಾಲದಲ್ಲಿ ಅಜ್ಜನವರು ದಾಸರ ಪದಗಳನ್ನೂ ಪ್ರವಚನವನ್ನೂ ಆಲಿಸುತ್ತಾರೆ. ಹತ್ತು ಗಂಟೆಗೆ ಯಜಮಾನರು ಶಿವಮೊಗ್ಗ ಮಾರುಕಟ್ಟೆಯ ಅಡಕೆ ಧಾರಣೆಯನ್ನು ನೋಡುತ್ತಾರೆ. ಮಧ್ಯಾಹ್ನ ಸೊಸೆಯವರು ರವಿಕೆಯ ಹೊಲಿಗೆಯನ್ನು ಕಲಿಯುತ್ತಾರೆ. ಊಟದ ಹೊತ್ತಿಗೆ ಕೂಸು ಆನೆಮರಿಯ ಕುಣಿತವನ್ನು ಕೇಳುತ್ತದೆ. ಇವೆಲ್ಲ ನಡೆಯುವುದು ಒಂದೇ ಖಾತೆಯಲ್ಲಾದುದರಿಂದ, ನನ್ನ ಪಾಲಿಗೆ ಈ ಮನೆಯಲ್ಲಿರುವವರು ಒಬ್ಬರೇ; ಅವರು ಅತ್ಯಂತ ವಿಚಿತ್ರ ವ್ಯಕ್ತಿ. ರವಿಕೆ ತೊಟ್ಟ ಆನೆಮರಿಯೊಂದು ದೇವರನಾಮದ ಧಾಟಿಯಲ್ಲಿ ರಾಶಿ ಅಡಕೆಯ ದರವನ್ನು ಹಾಡುವ ವಿಡಿಯೊವನ್ನು ಯಾವನಾದರೂ ಪುಣ್ಯಾತ್ಮನು ನಿರ್ಮಿಸಿದ ದಿನ ಇವರು ನನ್ನನ್ನು ಕೆಳಗಿಡಲಾರರು.”

ನಾನು ಭದ್ರಾವತಿಯ ಆಕಾಶವಾಣಿಯ ಪ್ರಸ್ತಾಪವನ್ನು ತೆಗೆದೆ. 1965ರಲ್ಲಿ ಆರಂಭವಾದ ಆ ನಿಲಯವು 675 ಕಿಲೋಹರ್ಟ್ಸಿನಲ್ಲಿ ಈ ಸೀಮೆಯ ಮನೆಮನೆಗಳನ್ನು ಹೊಕ್ಕಿದ್ದ ಕಾಲದಲ್ಲಿ, ಚಿತ್ರಗೀತೆಗಾಗಿ ಕಾದು ಕುಳಿತ ಹುಡುಗನು ಅದಕ್ಕೂ ಮುನ್ನ ಕೃಷಿಕರಿಗೆ ಸಲಹೆಯನ್ನೋ ಸುಗಮ ಸಂಗೀತವನ್ನೋ ಕೇಳಲೇಬೇಕಾಗಿದ್ದಿತು. ಕೇಳಿ ಕೇಳಿ, ತಾನು ಎಂದೂ ಬಯಸದಿದ್ದ ಒಂದು ರಾಗಕ್ಕೆ ಅವನು ಮನಸೋಲುತ್ತಿದ್ದುದೂ ಉಂಟು. ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳ ಗಮಕವೂ ಹೀಗೆಯೇ ಬೆಳೆದ ವಿದ್ಯೆ. ಹೊಸಹಳ್ಳಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದಿತೆಂಬುದನ್ನು ಪತ್ರಿಕೆಗಳಲ್ಲಿ ಓದಿದ ನಮಗೆ, ಹಿರಿಯರ ತೊಡೆಯ ಮೇಲೆ ತೂಕಡಿಸುತ್ತಲೇ ಕುಮಾರವ್ಯಾಸನನ್ನು ಅರೆಬರೆಯಾಗಿ ಕೇಳಿಸಿಕೊಂಡ ಮಕ್ಕಳ ನೆನಪು ಬಾರದಿರದು.

“ಗಮಕ ನನ್ನಲ್ಲಿಯೂ ಇದೆ,” ಎಂದು ಅವರು ತಡೆದರು. “ಬೇಕಾದಷ್ಟಿದೆ. ಒಮ್ಮೆ ಮುಂದಿಟ್ಟೆ, ಯಜಮಾನರ ಹೆಬ್ಬೆರಳು ಆಲಾಪನೆ ಮುಗಿಯುವುದರೊಳಗೆ ಅದನ್ನು ಮೇಲಕ್ಕೆ ನೂಕಿತು. ಇವರಿಗೆ ಬೇಡವೆಂದು ಬರೆದುಕೊಂಡೆ. ರೇಡಿಯೊದವರಿಗೆ ಹೆಬ್ಬೆರಳಿನ ಭಯವಿರಲಿಲ್ಲ. ಬೇರೆ ಬಾಗಿಲಿಲ್ಲದ ಕೋಣೆಯಲ್ಲಿ ಕೂಡಿಹಾಕಿ ತಮಗೆ ಅಭಿರುಚಿಯನ್ನು ಕಲಿಸಿದರು. ಅದನ್ನು ಈಗ ತಾವು ಸಂಸ್ಕಾರವೆನ್ನುತ್ತೀರಿ.”

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲವಾದರೂ, ಸಂದರ್ಶಕನು ಸುಮ್ಮನಿರಬಾರದೆಂಬ ನಿಯಮವಿರುವುದರಿಂದ, ಕನ್ನಡದ ಮಕ್ಕಳ ಹಾಡುಗಳ ಗತಿಯೇನೆಂದು ಕೇಳಿದೆ. ನೆರೆಯ ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯಲ್ಲಿ 1944ರಲ್ಲಿ ಜನಿಸಿದ ಎಚ್. ಎಸ್. ವೆಂಕಟೇಶಮೂರ್ತಿಗಳು ಹಾಡುಗಳನ್ನು ಬರೆದು, ಸಿ. ಅಶ್ವತ್ಥರು ರಾಗ ಹಾಕಿ, ನಾಗಾಭರಣರು 1993ರಲ್ಲಿ ತೆರೆಗೆ ತಂದ ‘ಚಿನ್ನಾರಿ ಮುತ್ತ’ವನ್ನು, ಇಷ್ಟು ಹತ್ತಿರದ ಊರಿನ ಈ ಕೂಸು ಏಕೆ ಕೇಳಿಲ್ಲ?

“ಕೇಳಿರಿ, ಕೇಳಿಸುತ್ತೇನೆ. ಹೆಸರನ್ನು ಯಾರಾದರೂ ಬಾಯಲ್ಲಾದರೂ ಹೇಳಬೇಕಷ್ಟೆ. ದಕ್ಷಿಣ ಕೊರಿಯಾದವರು 2016ರಲ್ಲಿ ಏರಿಸಿದ ಶಾರ್ಕ್ ಮರಿಯ ಹಾಡು 2022ರ ಆರಂಭಕ್ಕೆ ಸಾವಿರ ಕೋಟಿ ವೀಕ್ಷಣೆಗಳನ್ನು ದಾಟಿತು. ಕಡಲನ್ನೇ ಕಾಣದ ಈ ಕೂಸಿನ ಮುಂದೆ ಅದು ತಾನಾಗಿ ಬಂದು ನಿಲ್ಲುತ್ತದೆ. ಹೋದಿಗೆರೆ ಎಷ್ಟು ಹತ್ತಿರವೆಂಬುದು ನನ್ನ ಲೆಕ್ಕದಲ್ಲಿ ಒಂದು ಅಂಕಣವೇ ಅಲ್ಲ.”

“ಹಾಗಾದರೆ ತಾವು ಬೊಮ್ಮನಹಳ್ಳಿಯ ಕಿಂದರಿಜೋಗಿಯೇ ಸರಿ,” ಎಂದೆ, ತುಸು ಮುನಿಸಿನಿಂದ. ಬ್ರೌನಿಂಗ್ ಕವಿಯ ಕಥೆಯನ್ನು ಇದೇ ಜಿಲ್ಲೆಯ ಕುವೆಂಪು ಕನ್ನಡದ ನೆಲಕ್ಕೆ ಕರೆತಂದುದು ಅವರಿಗೂ ತಿಳಿದಿದ್ದಿತು.

“ಜೋಗಿ ಮೊದಲು ಇಲಿಗಳನ್ನಾದರೂ ಓಡಿಸಿದ, ನಾನು ಓಡಿಸುವುದಿಲ್ಲ, ಜಾಹೀರಾತುಗಳನ್ನು ಒಳಗೆ ಬಿಡುತ್ತೇನೆ. ಅವನಿಗೆ ಕೂಲಿ ಕೊಡದೆ ವಂಚಿಸಿದರು. ನಮ್ಮ ಕೂಲಿ ಮೊದಲೇ ಸಂದಾಯವಾಗಿರುತ್ತದೆ. ಮಕ್ಕಳ ವಿವರಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದರೆಂಬ ಆಪಾದನೆಯ ಮೇಲೆ ಧಣಿಗಳು 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆರಬೇಕಾಯಿತು, ನಿಜ. ತೆತ್ತರು, ಅಂಗಡಿ ಮುಚ್ಚಲಿಲ್ಲ. ಮಕ್ಕಳಿಗಾಗಿಯೇ 2015ರಲ್ಲಿ ಬೇರೆ ಅಂಗಡಿಯನ್ನೂ ತೆರೆದಿದ್ದಾರೆ. ಅಲ್ಲಿ ಹೆತ್ತವರು ಒಪ್ಪಿದುದನ್ನು ಮಾತ್ರ ತೋರಿಸುವ ಏರ್ಪಾಡು ಇದೆ. ಒಂದರ ಹಿಂದೆ ಒಂದು ತಾನಾಗಿ ಓಡುವುದನ್ನು ನಿಲ್ಲಿಸುವ ಗುಂಡಿಯೂ ಇದೆ. ಆ ಗುಂಡಿಯನ್ನು ಈ ಮನೆಯಲ್ಲಿ ಯಾರೂ ಮುಟ್ಟಿಲ್ಲ.”

“ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿದೆಯಲ್ಲ?”

“ಅವರು ಈ ಕೂಸಿಗೆ ಊಟ ಮಾಡಿಸಿ ನೋಡಿದ್ದಾರೆಯೆ?”

ಅಷ್ಟರಲ್ಲಿ ಒಳಗಿನಿಂದ ಅಜ್ಜಿಯವರು ಬಂದು, ಕೂಸಿನ ಬಾಯಲ್ಲಿದ್ದ ತುತ್ತನ್ನು ಬೆರಳಿನಿಂದ ತೆಗೆದು, ಕೂಸನ್ನು ಹೆಗಲಿಗೆ ಹಾಕಿಕೊಂಡು, ಏನನ್ನೋ ಗುನುಗುತ್ತ ನಡುಮನೆಯತ್ತ ಹೋದರು. ಅದು ಯಾವ ಪದವೆಂದು ನನಗೂ ಗುರುತು ಹತ್ತಲಿಲ್ಲವಾಗಿ, ಮಹಾಶಯರನ್ನೇ ಕೇಳಿದೆ.

“ನನ್ನಲ್ಲಿ ಅದು ಇಲ್ಲ,” ಎಂದರು ಅವರು, ಕಿಂಚಿತ್ ತಿರಸ್ಕಾರದಿಂದ. “ಯಾರೂ ಏರಿಸಿಲ್ಲ. ಏರಿಸಿದರೂ ನಡೆಯುವುದು ಕಷ್ಟ: ಚಿತ್ರವಿಲ್ಲ, ಬಣ್ಣವಿಲ್ಲ, ಮೊದಲ ಐದು ಸೆಕೆಂಡಿನಲ್ಲಿ ಏನೂ ಸಂಭವಿಸುವುದಿಲ್ಲ. ಆಕೆಗೆ ಇರುವ ಚಂದಾದಾರ ಒಬ್ಬನೇ. ಎಚ್ಚರವಾದರೆ ಅವನು ನನ್ನ ಬಳಿಗೇ ಬರುತ್ತಾನೆ. ತಾವು ಹೊರಡುವುದಾದರೆ ನನ್ನನ್ನು ಚಾರ್ಜಿಗೆ ಹಾಕಿ ಹೋಗಿರಿ. ಸಂಜೆ ಅವನಿಗೆ ಹಾಲು ಕುಡಿಸುವುದಿದೆ.”